ಎರಡು ಪಠ್ಯಪುಸ್ತಕಗಳು: ಕಟ್ಟಡದ ಅಂದಾಜು ಮತ್ತು ಆಸ್ಪತ್ರೆಯ ದಫ್ತರ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಕಟ್ಟಡದ ವೆಚ್ಚವನ್ನು ಅಂದಾಜು ಮಾಡುವ ಶಾಸ್ತ್ರವನ್ನೂ ಆಸ್ಪತ್ರೆಯ ದಫ್ತರವನ್ನು ಇಡುವ ಶಾಸ್ತ್ರವನ್ನೂ ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಇವೆರಡೂ ನಮ್ಮ ಪಠ್ಯಕ್ರಮದಲ್ಲಿಲ್ಲ. ಮೊದಲನೆಯದು ಎಂಜಿನಿಯರರಿಗೆ ಸಂಬಂಧಿಸಿದುದು, ಎರಡನೆಯದು ವೈದ್ಯರಿಗೂ ಆಸ್ಪತ್ರೆಯ ಆಡಳಿತಗಾರರಿಗೂ ಸಂಬಂಧಿಸಿದುದು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ಎರಡು ಶಾಸ್ತ್ರಗಳ ಪರಿಚಯ ಸ್ವಲ್ಪವಾದರೂ ಇರಬೇಕೆಂದು ನನಗೆ ತೋರಿದೆ. ಹೊಳೆಯ ನೀರು ಏರಿದಾಗಲೆಲ್ಲ ನಮ್ಮ ಸೀಮೆಯಲ್ಲಿ ಮನೆಗಳನ್ನು ಅಳೆಯಲು ಜನ ಬರುತ್ತಾರೆ. ಮನೆಯಲ್ಲಿ ಬಸುರಿ ಬಾಣಂತಿಯರಿದ್ದರೆ ಅವರ ಲೆಕ್ಕ ಬರೆದುಕೊಳ್ಳಲು ಜನ ಬರುತ್ತಾರೆ. ಎರಡೂ ಸಂದರ್ಭಗಳಲ್ಲಿ ಅವರು ಬರೆದುಕೊಂಡು ಹೋದುದೇ ಮುಂದೆ ಸತ್ಯವೆನಿಸಿಕೊಳ್ಳುತ್ತದೆ. ಏನು ಬರೆದುಕೊಂಡರು, ಹೇಗೆ ಬರೆದುಕೊಂಡರು ಎಂಬುದನ್ನು ತಿಳಿಯದೆ ನಾವು ಹೆಬ್ಬೆಟ್ಟು ಒತ್ತುವುದು ಅಥವಾ ಸಹಿ ಹಾಕುವುದು ಮಾತ್ರ ತಪ್ಪಿಲ್ಲ.

ಈ ಪುಸ್ತಕಗಳು ನನ್ನ ಕೈಗೆ ಬಂದ ಬಗೆ ಸರಳವಾದುದು. ನನ್ನ ಅಣ್ಣ ಸಿವಿಲ್ ಡಿಪ್ಲೊಮಾ ಓದಿದವನು. ಅವನು ನೌಕರಿಗೆ ಹೋದ ಮೇಲೆ ಬಿ. ಎನ್. ದತ್ತಾ ಅವರ ‘ಎಸ್ಟಿಮೇಟಿಂಗ್ ಅಂಡ್ ಕಾಸ್ಟಿಂಗ್ ಇನ್ ಸಿವಿಲ್ ಎಂಜಿನಿಯರಿಂಗ್’ ಎಂಬ ದಪ್ಪ ಪುಸ್ತಕ ಮನೆಯ ಮಾಡದಲ್ಲಿ ಉಳಿಯಿತು. ನನ್ನ ಕಾಕಾನ ಮಗಳು ಆಸ್ಪತ್ರೆಯ ಆಡಳಿತವನ್ನು ಅಭ್ಯಾಸ ಮಾಡುತ್ತಿದ್ದಾಳೆ. ಕರೆನ್ ವೇಗರ್ ಮತ್ತು ಸಂಗಡಿಗರು ಬರೆದ ‘ಹೆಲ್ತ್ ಕೇರ್ ಇನ್ಫರ್ಮೇಶನ್ ಸಿಸ್ಟಮ್ಸ್’ ಎಂಬ ಅಮೇರಿಕದ ಪುಸ್ತಕ ಅವಳದು. ಬೇಸಿಗೆಯ ರಜೆಯಲ್ಲಿ ಎರಡನ್ನೂ ಒಂದಾದ ಮೇಲೊಂದರಂತೆ ಓದಿದೆ. ಎಲ್ಲವೂ ತಿಳಿಯಿತೆಂದು ಹೇಳಲಾರೆ. ಆದರೆ ತಿಳಿದಷ್ಟನ್ನು ನಮ್ಮ ಊರಿನ ಉದಾಹರಣೆಗಳಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಅಂದಾಜು ಪತ್ರಿಕೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಇವೆರಡರಲ್ಲಿಯೂ ಮೊದಲು ಹಾಕಿದ ಲೆಕ್ಕ ಕೊನೆಗೆ ಉಳಿಯುವುದಿಲ್ಲವೆಂಬುದು ಅದರ ತಾತ್ಪರ್ಯ. ಮದುವೆಯ ವಿಷಯದಲ್ಲಿ ಯಾರೂ ಏನೂ ಮಾಡಲಾರರು. ಮನೆಯ ವಿಷಯದಲ್ಲಿ ಮಾತ್ರ ಲೆಕ್ಕವನ್ನು ಉಳಿಸಿಕೊಳ್ಳುವ ಶಾಸ್ತ್ರವಿದೆ. ಇನ್ನೂ ಇಲ್ಲದ ಕಟ್ಟಡವನ್ನು ಕಾಗದದ ಮೇಲೆ ಒಂದೊಂದು ಕಲ್ಲಾಗಿ ಕಟ್ಟಿ ಅದರ ಬೆಲೆಯನ್ನು ಮೊದಲೇ ಹೇಳುವುದೇ ಅಂದಾಜು.

ಅದರ ಕ್ರಮ ಹೀಗಿದೆ. ಮೊದಲು ನಕ್ಷೆಯನ್ನು ನೋಡಿ ಕೆಲಸವನ್ನು ಬಾಬುಗಳಾಗಿ ಒಡೆಯಬೇಕು: ಪಾಯ ತೋಡುವುದು, ಪಾಯಕ್ಕೆ ಕಾಂಕ್ರೀಟು, ಗೋಡೆ, ಛಾವಣಿ, ಗಿಲಾವು, ನೆಲಕ್ಕೆ ಫರಸಿ, ಬಾಗಿಲು, ಕಿಡಕಿ. ಪ್ರತಿಯೊಂದು ಬಾಬಿಗೂ ತನ್ನದೇ ಆದ ಅಳತೆ ಇದೆ. ಗೋಡೆಯನ್ನು ಘನ ಅಳತೆಯಲ್ಲಿಯೂ ಗಿಲಾವನ್ನು ಚದರ ಅಳತೆಯಲ್ಲಿಯೂ ಕಬ್ಬಿಣವನ್ನು ತೂಕದಲ್ಲಿಯೂ ಲೆಕ್ಕ ಹಾಕುತ್ತಾರೆ. ಎಷ್ಟಿದೆ ಎಂಬುದು ಗೊತ್ತಾದ ಮೇಲೆ ದರಪಟ್ಟಿಯನ್ನು ನೋಡಿ ಗುಣಿಸಬೇಕು. ಲೋಕೋಪಯೋಗಿ ಇಲಾಖೆಯು ಪ್ರಕಟಿಸುವ ಈ ಪಟ್ಟಿಗೆ ನಮ್ಮ ಗುತ್ತಿಗೆದಾರರು ‘ಎಸ್. ಆರ್.’ ಎನ್ನುತ್ತಾರೆ. ಎಲ್ಲ ಬಾಬುಗಳ ಮೊತ್ತಕ್ಕೆ ಅನಿರೀಕ್ಷಿತ ಖರ್ಚೆಂದು ಶೇಕಡಾ 3ರಿಂದ 5ರಷ್ಟನ್ನು ಸೇರಿಸುವುದು ಪುಸ್ತಕದ ವಾಡಿಕೆ.

ಒಂದು ಸಣ್ಣ ಕೋಣೆಯ ಲೆಕ್ಕ ಹಾಕಿ ನೋಡೋಣ. ಒಳಗಿನ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಗೋಡೆಯ ದಪ್ಪ 30 ಸೆಂಟಿಮೀಟರ್. ನಾಲ್ಕೂ ಗೋಡೆಗಳ ಒಟ್ಟು ಉದ್ದವೆಷ್ಟು? 4 ಮತ್ತು 3ನ್ನು ಕೂಡಿಸಿ ಇಮ್ಮಡಿಸಿ 14 ಮೀಟರ್ ಎಂದರೆ ಮೂಲೆಗಳು ಬಿಟ್ಟುಹೋಗುತ್ತವೆ. ಹೊರಗಿನ ಅಳತೆಯಾದ 4.60 ಮತ್ತು 3.60ನ್ನು ತೆಗೆದುಕೊಂಡು 16.40 ಎಂದರೆ ಮೂಲೆಗಳು ಎರಡೆರಡು ಸಲ ಎಣಿಕೆಯಾಗುತ್ತವೆ. ಆದುದರಿಂದ ಪುಸ್ತಕವು ಎರಡು ಮಾರ್ಗಗಳನ್ನು ಹೇಳುತ್ತದೆ. ಉದ್ದ ಗೋಡೆಗಳನ್ನು ಹೊರಗಿನಿಂದ, ಗಿಡ್ಡ ಗೋಡೆಗಳನ್ನು ಒಳಗಿನಿಂದ ಅಳೆಯುವುದು ಒಂದು: 4.60ರ ಎರಡು, 3.00ರ ಎರಡು, ಒಟ್ಟು 15.20 ಮೀಟರ್. ಗೋಡೆಯ ನಡುಗೆರೆಯನ್ನು ಹಿಡಿದು ಅಳೆಯುವುದು ಇನ್ನೊಂದು: 4.30ರ ಎರಡು, 3.30ರ ಎರಡು, ಆಗಲೂ 15.20 ಮೀಟರ್. ಎರಡು ದಾರಿಯಿಂದ ಹೋದರೂ ಒಂದೇ ಊರು ಸಿಕ್ಕಿದರೆ ದಾರಿ ಸರಿಯಾಗಿದೆ ಎಂದು ಅರ್ಥ.

ಎತ್ತರ 3 ಮೀಟರ್ ಇದ್ದರೆ ಗೋಡೆಯು 13.68 ಘನ ಮೀಟರ್ ಆಗುತ್ತದೆ. ಅದರಲ್ಲಿ 1 ಮೀಟರ್ ಅಗಲ, 2.10 ಮೀಟರ್ ಎತ್ತರದ ಒಂದು ಬಾಗಿಲು, 1 ಮೀಟರ್ ಅಗಲ, 1.20 ಮೀಟರ್ ಎತ್ತರದ ಎರಡು ಕಿಡಕಿ ಇದ್ದರೆ ಅವುಗಳ ಜಾಗ 1.35 ಘನ ಮೀಟರನ್ನು ಕಳೆಯಬೇಕು. ಉಳಿದುದು 12.33 ಘನ ಮೀಟರ್. ಗಾರೆ ಸೇರಿ 20 ಸೆಂಟಿಮೀಟರ್ ಉದ್ದ, 10 ಅಗಲ, 10 ಎತ್ತರವಾಗುವ ಇಟ್ಟಿಗೆಗಳು ಘನ ಮೀಟರಿಗೆ 500 ಹಿಡಿಯುತ್ತವೆ. ಅಂದರೆ ಈ ಗೋಡೆಗೆ 6,165 ಇಟ್ಟಿಗೆ ಬೇಕು, ಒಡಕು ಮುಕ್ಕಿನ ಲೆಕ್ಕ ಬೇರೆ. ಅದೇ ಗೋಡೆಯನ್ನು ಕಲ್ಲಿನಿಂದ ಕಟ್ಟಿದರೆ ನಮ್ಮ ಗೌಂಡಿಯವರು ಬ್ರಾಸಿನಲ್ಲಿ ಹೇಳುತ್ತಾರೆ. ಬ್ರಾಸ್ ಎಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನ ಮೀಟರ್. ಮೆಟ್ರಿಕ್ ಪದ್ಧತಿ ಬಂದು ಅರವತ್ತು ವರ್ಷ ಮೀರಿದರೂ ಹಳೆಯ ಮುಂಬಯಿ ಇಲಾಖೆಯ ಈ ಅಳತೆ ಉಸುಕು, ಖಡಿ, ಕಲ್ಲುಗಳ ವ್ಯಾಪಾರದಲ್ಲಿ ನಮ್ಮ ಕಡೆ ಇನ್ನೂ ಬಳಕೆಯಲ್ಲಿದೆ. ಇಲಾಖೆಯ ಕಾಗದದಲ್ಲಿ ಘನ ಮೀಟರ್, ಗೌಂಡಿಯವರ ಬಾಯಲ್ಲಿ ಬ್ರಾಸ್. ಇವೆರಡರ ನಡುವೆ ನಿಂತ ಮನೆಯ ಯಜಮಾನನಿಗೆ ಈ ಒಂದು ಗುಣಾಕಾರ ತಿಳಿದಿದ್ದರೆ ಎಷ್ಟೋ ಹಣ ಉಳಿಯುತ್ತದೆ.

ದರದ ಒಳಗೇನಿರುತ್ತದೆ ಎಂಬುದನ್ನೂ ನೋಡಬೇಕು. ಒಂದು ಘನ ಮೀಟರ್ ಗೋಡೆಯ ದರದಲ್ಲಿ ಸಾಮಾನಿನ ಬೆಲೆ, ಅದನ್ನು ತರುವ ಸಾಗಣೆ, ಗೌಂಡಿ ಮತ್ತು ಆಳುಗಳ ಪಗಾರ, ಸಲಕರಣೆ, ನೀರು, ಕೊನೆಗೆ ಗುತ್ತಿಗೆದಾರನ ಲಾಭವೆಂದು ಶೇಕಡಾ 10 ಇವೆಲ್ಲ ಅಡಕವಾಗಿರುತ್ತವೆ. ಇದನ್ನು ಬಿಡಿಸಿ ನೋಡುವುದಕ್ಕೆ ದರ ವಿಶ್ಲೇಷಣೆ ಎಂದು ಹೆಸರು. ಇದರ ಮಹತ್ವವನ್ನು ತಿಳಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ರೈತರೇ ಕಟ್ಟಿಕೊಂಡ ಬ್ಯಾರೇಜು ಇದೆ. ದಿವಂಗತ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಸರಕಾರದ ಗುತ್ತಿಗೆಯಿಲ್ಲದೆ, ರೈತರ ವಂತಿಗೆಯಿಂದಲೂ ಶ್ರಮದಾನದಿಂದಲೂ ಎದ್ದ ಆ ಕಟ್ಟಡಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರು ಸಾರ್ಥಕವಾಗಿಯೇ ಬಂದಿದೆ. ದರ ವಿಶ್ಲೇಷಣೆಯ ಕಣ್ಣಿನಿಂದ ನೋಡಿದರೆ ಅಲ್ಲಿ ನಡೆದುದು ಏನು? ಲಾಭದ ಅಂಕಣ ಅಳಿಸಿಹೋಯಿತು. ಆಳಿನ ಪಗಾರದ ಅಂಕಣದಲ್ಲಿ ಬಹುಭಾಗ ರೈತನ ಸ್ವಂತ ಮೈಬೆವರಾಯಿತು. ಉಳಿದುದು ಸಾಮಾನು ಮತ್ತು ಸಾಗಣೆ. ಜನರ ಉತ್ಸಾಹವನ್ನು ಹೊಗಳಿದವರು ಬಹಳ ಮಂದಿ ಇದ್ದಾರೆ, ಹೊಗಳಬೇಕಾದುದೇ. ಆದರೆ ಯಾವ ಅಂಕಣದಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಕೈಯಲ್ಲಿದ್ದರೆ ಮಾತ್ರ ಅಂಥ ಉತ್ಸಾಹ ಕೆಲಸ ಮುಗಿಯುವವರೆಗೆ ಬಾಳುತ್ತದೆ.

ಹಳೆಯ ಮನೆಗೆ ಬೆಲೆ ಕಟ್ಟುವುದು

ಪುಸ್ತಕದ ಒಂದು ಅಧ್ಯಾಯ ಮೌಲ್ಯಮಾಪನದ್ದು. ನಮ್ಮ ಸೀಮೆಗೆ ಬಹಳ ಸಂಬಂಧಿಸಿದುದು ಇದೇ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಜಲಾಶಯದ ಮಟ್ಟ 519.60 ಮೀಟರಿಗೆ ಬರುವಷ್ಟರಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗವೂ ಬೀಳಗಿ ತಾಲೂಕಿನ ಹಲವು ಊರುಗಳೂ ಎದ್ದು ಹೋಗಬೇಕಾಯಿತು. 2010ರ ಡಿಸೆಂಬರ್‌ನಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು 524.256 ಮೀಟರಿನವರೆಗೆ ನೀರು ನಿಲ್ಲಿಸಲು ಸಮ್ಮತಿಸಿತು. ಎರಡು ಗೆರೆಗಳ ನಡುವಿನ ಅಂತರ 4.656 ಮೀಟರ್, ಒಂದು ಸಾಧಾರಣ ಮನೆಯ ಎತ್ತರಕ್ಕಿಂತ ಸ್ವಲ್ಪ ಹೆಚ್ಚು. ಹೊಳೆಯ ದಂಡೆಯ ಮೇಲಿರುವ ನಮ್ಮ ಮನೆ ಈ ಎರಡು ಗೆರೆಗಳ ನಡುವೆ ಇದೆ. ಆದುದರಿಂದ ಈ ಅಧ್ಯಾಯವನ್ನು ನಾನು ಪರೀಕ್ಷೆಗಿಂತ ಹೆಚ್ಚಿನ ಲಕ್ಷ್ಯದಿಂದ ಓದಿದೆನೆಂದು ಬೇರೆ ಹೇಳಬೇಕಾಗಿಲ್ಲ.

ಪುಸ್ತಕ ಹೇಳುವ ಒಂದು ಸರಳ ಪದ್ಧತಿ ಹೀಗಿದೆ. ಇಂಥ ಮನೆಯನ್ನು ಇಂದು ಹೊಸದಾಗಿ ಕಟ್ಟಲು 4,00,000 ರೂಪಾಯಿ ಬೇಕೆನ್ನಿ. ಮನೆಯ ಆಯುಷ್ಯ 80 ವರ್ಷ. ಆಯುಷ್ಯ ತೀರಿದ ಮೇಲೆ ತೊಲೆ, ಬಾಗಿಲು, ಕಲ್ಲುಗಳಿಂದ ಶೇಕಡಾ 10ರಷ್ಟು, ಅಂದರೆ 40,000 ರೂಪಾಯಿ ಹುಟ್ಟುತ್ತದೆ. ಉಳಿದ 3,60,000ವನ್ನು 80ರಿಂದ ಭಾಗಿಸಿದರೆ ವರ್ಷಕ್ಕೆ 4,500 ರೂಪಾಯಿ ಸವಕಳಿ. ಮನೆಗೆ ಈಗ 60 ವರ್ಷವಾಗಿದ್ದರೆ 2,70,000 ಸವೆದು ಹೋಯಿತು. ಉಳಿದ ಬೆಲೆ 1,30,000 ರೂಪಾಯಿ. ಗಣಿತದಲ್ಲಿ ತಪ್ಪಿಲ್ಲ. ಆದರೆ ಮನೆ ಬಿಟ್ಟು ಹೋಗುವವನಿಗೆ ಬೇಕಾಗಿರುವುದು ತಲೆಯ ಮೇಲೆ ಸೂರು. ಹೊಸ ಸೂರಿಗೆ 4,00,000 ಬೇಕೆಂದು ಅದೇ ಲೆಕ್ಕದ ಮೊದಲ ಸಾಲು ಹೇಳುತ್ತದೆ. ಮಾರುವವನ ಬೆಲೆ ಬೇರೆ, ಕಳೆದುಕೊಳ್ಳುವವನ ಬೆಲೆ ಬೇರೆ ಎಂಬುದನ್ನು ಕಾಯಿದೆಗಳೂ ಕ್ರಮೇಣ ಒಪ್ಪಿಕೊಂಡಿವೆ. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಬೆಲೆಯ ಮೇಲೆ ಶೇಕಡಾ 15ರಷ್ಟಿದ್ದ ಸಾಂತ್ವನ ಧನವನ್ನು 1984ರಲ್ಲಿ 30ಕ್ಕೆ ಏರಿಸಿದರು. 2013ರ ಹೊಸ ಕಾಯಿದೆಯು ಅದನ್ನು ಶೇಕಡಾ 100 ಮಾಡಿತು. ಕಟ್ಟಡಗಳ ಬೆಲೆ ಕಟ್ಟಲು ತಿಳಿದ ಎಂಜಿನಿಯರರ ನೆರವು ಪಡೆಯಬಹುದೆಂದೂ ಅದರಲ್ಲಿ ಹೇಳಿದೆ. ಆ ಎಂಜಿನಿಯರರು ಕೈಯಲ್ಲಿ ಹಿಡಿದು ಬರುವ ಶಾಸ್ತ್ರ ದತ್ತಾ ಅವರ ಪುಸ್ತಕದಂಥ ಪುಸ್ತಕಗಳಲ್ಲಿಯೇ ಇದೆ.

ಇಲ್ಲಿ ನನ್ನ ದೊಡ್ಡಪ್ಪನ ಮನೆಯ ಸಂಗತಿಯನ್ನು ಹೇಳುವುದು ಅಪ್ರಸ್ತುತವಾಗಲಾರದು. ಅವರ ಊರು ಮೊದಲ ಸಲವೇ ಮುಳುಗಡೆಯಾಯಿತು. ಮನೆಯನ್ನು ಅಳೆದ ತಖ್ತೆಯ ಪ್ರತಿಯನ್ನು ಅವರು ಇನ್ನೂ ಟ್ರಂಕಿನಲ್ಲಿ ಇಟ್ಟಿದ್ದಾರೆ. ಕಲ್ಲು ಮಣ್ಣಿನ ಗೋಡೆ, ಮೇಲ್ಮುದ್ದೆ, ತೊಲೆ ಜಂತಿ, ಎರಡು ಬಾಗಿಲು, ಇವೆಲ್ಲ ಅದರಲ್ಲಿ ಇವೆ. ಪಡಸಾಲೆಯ ನೆಲದ ಕೆಳಗಿನ ಹಗೇವು ಮಾತ್ರ ಇಲ್ಲ. ಅಜ್ಜನ ಕಾಲದಲ್ಲಿ ತೋಡಿಸಿದ, ಮೂವತ್ತು ಚೀಲ ಜೋಳ ಹಿಡಿಯುತ್ತಿದ್ದ ಹಗೇವು ಅದು. ನಾನು ಕೇಳಿದಾಗ ದೊಡ್ಡಪ್ಪ ಹೇಳಿದ ಮಾತು ಇಷ್ಟೆ: “ತಮ್ಮಾ, ಅವರ ಕಾಗದದಾಗ ಗ್ವಾಡಿಗೆ ಜಾಗಾ ಇತ್ತು, ಬಾಗಲಕ್ಕ ಜಾಗಾ ಇತ್ತು. ಹಗೇವಿಗೆ ಜಾಗಾನ ಇರಲಿಲ್ಲ. ಎಲ್ಲಿ ಬರೀಬೇಕು ಅವರು?” ಅಳೆದವರು ಕೆಟ್ಟವರೆಂದು ದೊಡ್ಡಪ್ಪ ಹೇಳಲಿಲ್ಲ. ಫಾರಮಿನಲ್ಲಿ ಸಾಲು ಇರಲಿಲ್ಲ, ಕೇಳಬೇಕೆಂಬುದು ಮನೆಯವರಿಗೂ ತಿಳಿಯಲಿಲ್ಲ. ಪುಸ್ತಕದ ಪ್ರಕಾರ ಹಗೇವೂ ಒಂದು ಬಾಬೇ. ಮಣ್ಣು ತೋಡಿದ್ದಕ್ಕೆ ಘನ ಅಳತೆ, ಒಳಗೆ ಕಲ್ಲು ಕಟ್ಟಿದ್ದಕ್ಕೆ ಘನ ಅಳತೆ, ಗಿಲಾವಿಗೆ ಚದರ ಅಳತೆ. ಹೆಸರು ಹೇಳಿ ಬರೆಸಿದ್ದರೆ ಲೆಕ್ಕಕ್ಕೆ ಬರುತ್ತಿತ್ತು.

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೆ ಉಕ್ಕಿ ಬಂದಾಗ ಬಿದ್ದ ಮನೆಗಳನ್ನು ‘ಎ’, ‘ಬಿ’, ‘ಸಿ’ ಎಂದು ಮೂರು ವರ್ಗ ಮಾಡಿ ಪರಿಹಾರ ಕೊಟ್ಟರು. ಪೂರ್ತಿ ಬಿದ್ದ ‘ಎ’ ವರ್ಗದ ಮನೆಗೆ 5 ಲಕ್ಷ ರೂಪಾಯಿ ಗೊತ್ತಾಗಿತ್ತು. ಗೋಡೆಯ ಎಷ್ಟನೆಯ ಪಾಲು ಹೋಗಿದೆ ಎಂಬುದರ ಮೇಲೆ ವರ್ಗ, ವರ್ಗದ ಮೇಲೆ ಹಣ. ಒಂದೇ ಓಣಿಯಲ್ಲಿ ಒಂದು ಅಕ್ಷರದ ಅಂತರದಿಂದ ಅಕ್ಕಪಕ್ಕದವರ ಮಾತು ಮುರಿದ ಸಂದರ್ಭಗಳು ನಮ್ಮವರಿಗೆ ನೆನಪಿವೆ.

ಆಸ್ಪತ್ರೆಯ ದಫ್ತರ

ಇನ್ನು ಎರಡನೆಯ ಪುಸ್ತಕಕ್ಕೆ ಬರೋಣ. ಅಮೇರಿಕದ ಪುಸ್ತಕವಾದುದರಿಂದ ಅದರಲ್ಲಿ ವಿಮಾ ಕಂಪನಿಗಳ ಬಿಲ್ಲುಗಳ ಮಾತು ಬಹಳ. ನಮ್ಮ ಹಳ್ಳಿಯ ಕಡೆ ಆರೋಗ್ಯದ ಲೆಕ್ಕ ಪ್ರಾರಂಭವಾಗುವುದು ಆಶಾ ಕಾರ್ಯಕರ್ತೆಯ ಕೈಚೀಲದೊಳಗಿನ ವಹಿಯಿಂದ. ಬಯಲುಸೀಮೆಯಲ್ಲಿ ಸುಮಾರು 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರಕಾರದ ಗೊತ್ತುಪಾಡು. ಉಪಕೇಂದ್ರದ ವಹಿಯಲ್ಲಿ ಬರೆದುದು ಪ್ರಾಥಮಿಕ ಕೇಂದ್ರಕ್ಕೂ, ಅಲ್ಲಿಂದ ತಾಲೂಕಿಗೂ, ಜಿಲ್ಲೆಗೂ, ರಾಜ್ಯಕ್ಕೂ ಏರುತ್ತದೆ. 2008ರಿಂದ ಈ ತಿಂಗಳ ವರದಿಗಳು ದೇಶದಾದ್ಯಂತ ಕಂಪ್ಯೂಟರಿನ ಮೂಲಕ ಒಂದು ಕಡೆ ಸೇರುತ್ತಿವೆ. ಬಸುರಿಯ ಕೈಯಲ್ಲಿರುವ ತಾಯಿ ಕಾರ್ಡು ಈ ದೊಡ್ಡ ಮರದ ಒಂದು ಎಲೆ.

ಇದರ ಹಿಂದಿರುವ ವಿಚಾರ ಹೊಸದಲ್ಲ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರ ಶುಶ್ರೂಷೆ ಮಾಡಿ ಹೆಸರಾದ ಫ್ಲಾರೆನ್ಸ್ ನೈಟಿಂಗೇಲರನ್ನು ದೀಪ ಹಿಡಿದ ಮಹಿಳೆಯೆಂದು ನಾವು ಶಾಲೆಯಲ್ಲಿ ಓದಿದ್ದೇವೆ. ಆಕೆ ಅಂಕಿಸಂಖ್ಯೆಗಳಲ್ಲಿಯೂ ಪಂಡಿತಳಾಗಿದ್ದಳು. ಗಾಯದಿಂದ ಸತ್ತವರಿಗಿಂತ ಹೊಲಸಿನಿಂದ ಹರಡಿದ ರೋಗಗಳಿಂದ ಸತ್ತವರೇ ಹೆಚ್ಚೆಂಬುದನ್ನು 1858ರಲ್ಲಿ ಚಿತ್ರಪಟಗಳ ಮೂಲಕ ಅಧಿಕಾರಿಗಳಿಗೆ ತೋರಿಸಿಕೊಟ್ಟಳು. ಎಲ್ಲ ಆಸ್ಪತ್ರೆಗಳೂ ಒಂದೇ ಬಗೆಯ ಫಾರಮುಗಳಲ್ಲಿ ಲೆಕ್ಕ ಇಡಬೇಕೆಂಬ ಆಕೆಯ ಸಲಹೆ 1860ರಲ್ಲಿ ಲಂಡನ್ನಿನ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಬಂದಿತು. ಒಂದೇ ರೋಗಕ್ಕೆ ಒಂದೇ ಹೆಸರು ಇರಬೇಕೆಂಬುದು ಇದರ ಮುಂದಿನ ಹೆಜ್ಜೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣ ಪಟ್ಟಿಯ 11ನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಜೋಳಕ್ಕೂ ಕಬ್ಬಿಗೂ ಬೇರೆ ಬೇರೆ ಅಳತೆ ಇರುವಂತೆ ಪ್ರತಿ ರೋಗಕ್ಕೂ ಅದರಲ್ಲಿ ಗೊತ್ತಾದ ಗುರುತು ಇದೆ. ಮರಣದ ಕಾರಣವೆಂದು ‘ಹೃದಯ ನಿಂತಿತು’ ಎಂದು ಬರೆಯಬಾರದೆಂದು ಈ ಶಾಸ್ತ್ರ ಹೇಳುತ್ತದೆ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಅದನ್ನು ನಿಲ್ಲಿಸಿದುದು ಯಾವುದು ಎಂಬುದನ್ನು ಬರೆಯಬೇಕು.

ಈ ಲೆಕ್ಕದಲ್ಲಿ ಬಿಟ್ಟುಹೋಗುವುದರ ಪರಿಣಾಮವೇನು? 5,000 ಜನರ ಒಂದು ಉಪಕೇಂದ್ರವನ್ನು ತೆಗೆದುಕೊಳ್ಳಿ. ಸಾವಿರಕ್ಕೆ 18ರಂತೆ ವರ್ಷಕ್ಕೆ 90 ಹೆರಿಗೆಗಳಾಗುತ್ತವೆ ಎನ್ನೋಣ. ವರ್ಷ ತುಂಬುವುದರೊಳಗೆ 3 ಕೂಸುಗಳು ತೀರಿಕೊಂಡರೆ ಶಿಶುಮರಣದ ಪ್ರಮಾಣ ಸಾವಿರಕ್ಕೆ 33. ಅವುಗಳಲ್ಲಿ ಎರಡು ಯಾವ ವಹಿಯಲ್ಲಿಯೂ ಬರದಿದ್ದರೆ ಪ್ರಮಾಣ 11ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಆ ಊರು ಆರೋಗ್ಯವಂತ ಊರಾಗುತ್ತದೆ. ಹೆಚ್ಚಿನ ದಾದಿಯರೂ ಔಷಧಿಯೂ ಬೇರೆ ಊರಿಗೆ ಹೋಗುತ್ತವೆ. ಸತ್ತ ಕೂಸುಗಳನ್ನು ಬರೆಯದೆ ಬಿಟ್ಟದ್ದರ ದಂಡವನ್ನು ಮುಂದೆ ಹುಟ್ಟುವ ಕೂಸುಗಳು ತೆರಬೇಕಾಗುತ್ತದೆ.

ನಮ್ಮ ತಾಲೂಕುಗಳಲ್ಲಿ ಹೀಗೆ ಬಿಟ್ಟುಹೋಗುವ ಸಂಭವ ಎಲ್ಲಿ ಹೆಚ್ಚು? ದಸರೆ ದೀಪಾವಳಿಯ ಸುಮಾರಿಗೆ ಕಾರ್ಖಾನೆಗಳು ಪ್ರಾರಂಭವಾದವೆಂದರೆ ಕಬ್ಬು ಕಡಿಯುವ ಗ್ಯಾಂಗುಗಳು ಹೆಂಡಿರು ಮಕ್ಕಳೊಡನೆ ಮುಧೋಳ ಜಮಖಂಡಿಗಳ ಹೊಲಗಳಿಗೆ ಬಂದು ಗುಡಿಸಲು ಹಾಕುತ್ತವೆ. ಆ ಗುಡಿಸಲುಗಳಲ್ಲಿ ಬಸುರಿಯರೂ ಇರುತ್ತಾರೆ, ಲಸಿಕೆಯ ವಯಸ್ಸಿನ ಮಕ್ಕಳೂ ಇರುತ್ತಾರೆ. ಅವರ ಹೆಸರು ಅವರ ಊರಿನ ವಹಿಯಲ್ಲಿದೆ, ಅವರು ಇಲ್ಲಿದ್ದಾರೆ. ಊರಿನ ವಹಿ ಹೇಳುತ್ತದೆ, ಮಗು ಲಸಿಕೆಗೆ ಬರಲಿಲ್ಲವೆಂದು. ಇಲ್ಲಿನ ವಹಿಗೆ ಆ ಮಗು ಇರುವುದೇ ಗೊತ್ತಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಜನನವು ಆದ ಸ್ಥಳದಲ್ಲಿಯೇ 21 ದಿನಗಳೊಳಗೆ ನೋಂದಣಿಯಾಗಬೇಕು. ಗುಡಿಸಲಿನಲ್ಲಿ ಹುಟ್ಟಿದ ಕೂಸಿನ ಜನ್ಮಸ್ಥಳ ಆ ಹೊಲವಿರುವ ನಮ್ಮ ಗ್ರಾಮವೇ. 2023ರ ತಿದ್ದುಪಡಿಯಿಂದ ಆ ವರ್ಷದ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರುವುದರಿಂದ ಹಿಡಿದು ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮುಖ್ಯ ಆಧಾರವಾಗಿದೆ. ಗ್ಯಾಂಗು ಊರಿಗೆ ಹೊರಟುಹೋದ ಮೇಲೆ ಆ ಪತ್ರಕ್ಕಾಗಿ ಯಾರು ತಿರುಗಿ ಬರಬೇಕು?

ಊರು ಬಿಟ್ಟರೂ ದಫ್ತರ ಜೊತೆಯಲ್ಲಿ ಬರಬೇಕೆಂಬುದೇ ಕಂಪ್ಯೂಟರ್ ಪದ್ಧತಿಯ ದೊಡ್ಡ ಆಸೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಪ್ರಾರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಲ್ಲಿ ಪ್ರತಿಯೊಬ್ಬರಿಗೂ ‘ಆಭಾ’ ಎಂಬ 14 ಅಂಕಿಗಳ ಗುರುತಿನ ಸಂಖ್ಯೆ ದೊರೆಯುತ್ತದೆ. ನೆರೆಯಲ್ಲಿ ತಾಯಿ ಕಾರ್ಡು ತೊಯ್ದು ಹೋದರೂ ಲೆಕ್ಕ ತೊಯ್ಯದೆ ಉಳಿಯಬಹುದು. ಆದರೆ ಕಂಪ್ಯೂಟರಿಗೆ ತಾನಾಗಿ ಏನೂ ತಿಳಿಯುವುದಿಲ್ಲ. ಗುಡಿಸಲಿಗೆ ಹೋಗಿ ಕೇಳಿ ಬರೆಯುವ ಮನುಷ್ಯರೇ ಅದಕ್ಕೆ ಕಣ್ಣು.

ಸಾಲೇ ಇಲ್ಲದಿದ್ದರೆ

ದೊಡ್ಡಪ್ಪನ ಹಗೇವಿನ ಮಾತು ಈ ಪುಸ್ತಕವನ್ನು ಓದುವಾಗಲೂ ನನಗೆ ನೆನಪಾಯಿತು. ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲಿ ಕೆಲಸಗಾರರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದನು. ರೋಗಿಯನ್ನು ವೈದ್ಯನು ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಬೇಕೆಂದು ಅವನು ಹೇಳಿದನು: ನೀನು ಏನು ಕೆಲಸ ಮಾಡುತ್ತೀ? ರಬಕವಿ-ಬನಹಟ್ಟಿಯಲ್ಲಿ ಮನೆಮನೆಗೆ ಮಗ್ಗಗಳಿವೆ. ಹತ್ತಿಯ ಧೂಳನ್ನು ವರ್ಷಾನುಗಟ್ಟಲೆ ಉಸಿರಾಡಿದವರಿಗೆ ಬರುವ ಶ್ವಾಸರೋಗಕ್ಕೆ ಬಿಸಿನೋಸಿಸ್ ಎಂದು ಹೆಸರಿದೆ, ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಗುರುತೂ ಇದೆ. ವಿದ್ಯುತ್ ಮಗ್ಗದ ಸಪ್ಪಳದಲ್ಲಿ ದಿನವಿಡೀ ನಿಂತವರ ಕಿವಿ ಮಂದವಾಗುವುದೂ ತಿಳಿದ ಸಂಗತಿ. ಆದರೆ ಆಸ್ಪತ್ರೆಯ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಬರೆದು ಉದ್ಯೋಗದ ಜಾಗವನ್ನು ಖಾಲಿ ಬಿಟ್ಟರೆ ನೇಕಾರನ ಕೆಮ್ಮು ಬರಿಯ ಕೆಮ್ಮಾಗಿ ಉಳಿಯುತ್ತದೆ. ಅಂಥ ನೂರು ಕೆಮ್ಮುಗಳನ್ನು ಒಟ್ಟಿಗೆ ಇಟ್ಟು ನೋಡಲು ಯಾರಿಗೂ ಸಾಧ್ಯವಾಗುವುದಿಲ್ಲ. ಬನಹಟ್ಟಿಯಲ್ಲಿರುವ ನನ್ನ ಅತ್ತಿ ಮಾತು ಕೇಳಿಸದೆ ಎರಡು ಸಲ ಕೇಳುತ್ತಾಳೆ. ವಯಸ್ಸಾಯಿತೆಂದು ಎಲ್ಲರೂ ಅನ್ನುತ್ತಾರೆ. ಅವಳಿಗೆ ಇನ್ನೂ ಐವತ್ತು ತುಂಬಿಲ್ಲ.

ಸಾಲು ಸೇರಿಸಿದರೆ ಏನಾಗುತ್ತದೆ ಎಂಬುದಕ್ಕೂ ಇತ್ತೀಚಿನ ನಿದರ್ಶನವಿದೆ. ಕಬ್ಬಿನ ಹೊಲದಲ್ಲಿ ಹಾವು ಕಡಿಯುವುದು ನಮ್ಮಲ್ಲಿ ಹೊಸದಲ್ಲ. ಎಷ್ಟು ಜನಕ್ಕೆ ಕಡಿಯುತ್ತದೆ, ಎಷ್ಟು ಜನ ಉಳಿಯುತ್ತಾರೆ ಎಂಬ ಲೆಕ್ಕ ಮಾತ್ರ ಸರಿಯಾಗಿ ಇರಲಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು. ಸರಕಾರಿ ಆಸ್ಪತ್ರೆಯಂತೆ ಖಾಸಗಿ ಆಸ್ಪತ್ರೆಯೂ ಈಗ ತಿಳಿಸಬೇಕು. ಎಲ್ಲಿ ಎಷ್ಟು ಎಂಬುದು ಗೊತ್ತಾದರೆ ವಿಷದ ಮದ್ದನ್ನು ಎಲ್ಲಿ ಎಷ್ಟು ಇಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಎರಡು ಪುಸ್ತಕಗಳೂ ಒಂದು ವಿಷಯದಲ್ಲಿ ಬಹಳ ಹತ್ತಿರವಾಗಿವೆ. ಲೋಕೋಪಯೋಗಿ ಇಲಾಖೆಯಲ್ಲಿ ಅಳತೆ ಪುಸ್ತಕ ಎಂಬುದೊಂದಿದೆ, ‘ಎಂ. ಬಿ.’ ಎಂದು ಕರೆಯುತ್ತಾರೆ. ಅದರ ಪುಟಗಳಿಗೆ ಅಂಕಿ ಹಾಕಿರುತ್ತದೆ, ಒಂದನ್ನೂ ಹರಿಯಬಾರದು. ಬರೆದುದನ್ನು ಅಳಿಸಬಾರದು. ತಿದ್ದಬೇಕಾದರೆ ಹಳೆಯದು ಕಾಣುವಂತೆ ಒಂದು ಗೆರೆ ಎಳೆದು ಹೊಸದನ್ನು ಬರೆದು ಸಹಿ ಮಾಡಬೇಕು. ಆಸ್ಪತ್ರೆಯ ದಫ್ತರಕ್ಕೂ ಅಕ್ಷರಶಃ ಇದೇ ನಿಯಮ. ಬೆರಳಚ್ಚಿನ ಯಂತ್ರ ಹೋಗಿ ಕಂಪ್ಯೂಟರ್ ಬಂದರೂ ನಿಯಮ ಬದಲಾಗಿಲ್ಲ, ಯಾರು ಯಾವಾಗ ತಿದ್ದಿದರೆಂಬುದನ್ನು ಅದು ಒಳಗೆ ಗುರುತಿಟ್ಟುಕೊಳ್ಳಬೇಕೆಂದು ಪುಸ್ತಕ ಹೇಳುತ್ತದೆ. ಮನೆಯ ವಿಷಯದಲ್ಲಿಯಾಗಲಿ ಮೈಯ ವಿಷಯದಲ್ಲಿಯಾಗಲಿ, ಬರೆದವನನ್ನು ಮುಂದೆ ಯಾರಾದರೂ ಕೇಳಲು ಬರುವಂತಿರಬೇಕು ಎಂಬುದೇ ಇದರ ಅಭಿಪ್ರಾಯ. ಕೇಳುವ ಹಕ್ಕು ನಮಗೂ ಇದೆ. ವೈದ್ಯರ ನಡವಳಿಕೆಯನ್ನು ಕುರಿತ 2002ರ ನಿಯಮಗಳ ಪ್ರಕಾರ ಒಳರೋಗಿಯ ದಫ್ತರವನ್ನು 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಗಳೊಳಗೆ ಅದರ ಪ್ರತಿ ಕೊಡಬೇಕು. ಇದನ್ನು ತಿಳಿದವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ?

ಕಲಾವಿಭಾಗದವರ ಕೆಲಸ ಇಲ್ಲಿಯೇ ಇದೆಯೆಂದು ನನ್ನ ಭಾವನೆ. ಈ ಶಾಸ್ತ್ರಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಪರಿಷತ್ತು 2021ರಿಂದ ಎಂಜಿನಿಯರಿಂಗ್ ಪಠ್ಯಗಳನ್ನು ಭಾರತೀಯ ಭಾಷೆಗಳಿಗೆ ತರುವ ಕೆಲಸಕ್ಕೆ ಕೈ ಹಾಕಿದುದು ಸಂತೋಷದ ಸಂಗತಿ. ಆದರೆ ವಿದ್ಯಾರ್ಥಿಯ ಪಠ್ಯಪುಸ್ತಕವೇ ಬೇರೆ, ಮನೆಯ ಯಜಮಾನನಿಗೂ ಬಸುರಿಯ ಗಂಡನಿಗೂ ತಿಳಿಯುವ ಕೈಪಿಡಿಯೇ ಬೇರೆ. ಮೇಲ್ಮುದ್ದೆ, ಹಗೇವು, ಗ್ವಾದಲಿ, ಗಿಲಾವು, ಫರಸಿ ಮುಂತಾದ ನಮ್ಮ ಮಾತುಗಳಲ್ಲಿ ಬರೆದ, ಹತ್ತಿಪ್ಪತ್ತು ಪುಟಗಳ ಎರಡು ಕೈಪಿಡಿಗಳು ಸಾಕು. ಅಳೆಯುವವರು ಬಂದಾಗ ಏನೇನನ್ನು ಹೆಸರಿಸಿ ಬರೆಸಬೇಕು ಎಂಬುದು ಒಂದರಲ್ಲಿ ಇರಲಿ. ಆಸ್ಪತ್ರೆಯಿಂದ ಯಾವ ಕಾಗದಗಳನ್ನು ಕೇಳಿ ತರಬೇಕು, ಅವುಗಳನ್ನು ಹೇಗೆ ಕಾದಿಡಬೇಕು ಎಂಬುದು ಇನ್ನೊಂದರಲ್ಲಿ ಇರಲಿ. ಇದನ್ನು ಬರೆಯಲು ಎಂಜಿನಿಯರರ ಮತ್ತು ವೈದ್ಯರ ನೆರವು ಬೇಕು, ಭಾಷೆ ಬಲ್ಲವರ ನೆರವೂ ಅಷ್ಟೇ ಬೇಕು.

ಅಲ್ಲಿಯವರೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಬರುವ ರಜೆಯಲ್ಲಿ ಎರಡು ಕೆಲಸಗಳನ್ನು ಮಾಡಬಹುದು. ಒಂದು ಟೇಪು ಹಿಡಿದು ತನ್ನ ಮನೆಯನ್ನು ಬಾಬುವಾರಾಗಿ ಅಳೆದು, ನೆಲದ ಕೆಳಗಿರುವುದನ್ನೂ ಸೇರಿಸಿ, ತಾರೀಖು ಹಾಕಿ ಬರೆದಿಡುವುದು. ಮನೆಯಲ್ಲಿರುವವರ ಆಸ್ಪತ್ರೆಯ ಕಾಗದಗಳನ್ನೆಲ್ಲ ಒಂದು ಕಡೆ ಜೋಡಿಸಿ ನಕಲು ಮಾಡಿಡುವುದು ಇನ್ನೊಂದು. ನಾನು ನಮ್ಮ ಮನೆಯ ಅಳತೆಯನ್ನು ಮುಗಿಸಿದ್ದೇನೆ. ದನದ ಕೊಟ್ಟಿಗೆಯ ಗ್ವಾದಲಿಯವರೆಗೆ ಒಟ್ಟು 41 ಬಾಬುಗಳಾದವು. ಇನ್ನು ಬನಹಟ್ಟಿಗೆ ಹೋಗಿ ಅತ್ತಿಯನ್ನು ಕಿವಿಯ ಡಾಕ್ಟರರ ಬಳಿಗೆ ಕರೆದುಕೊಂಡು ಹೋಗಬೇಕಾಗಿದೆ. ಚೀಟಿಯಲ್ಲಿ ಉದ್ಯೋಗದ ಜಾಗದಲ್ಲಿ ‘ಮೂವತ್ತು ವರ್ಷ ವಿದ್ಯುತ್ ಮಗ್ಗ’ ಎಂದು ಬರೆಸಿಕೊಂಡು ಬರುವುದು ನನ್ನ ಪಾಲಿನ ಕೆಲಸ.